ಕಾಟಾ ನಂಬದ ಕಾಕಾ

ಮೂಡಲಗಿಯ ಕುರಿ ಸಂತೆಗೆ ಈ ವರ್ಷ ತೂಗುವ ಕಾಟಾ ಬಂತು. ನಾಲ್ಕು ಕಡೆ ಕಬ್ಬಿಣದ ಜಾಲರಿ, ಕೆಳಗೆ ಹಲಗೆ, ಮೇಲೆ ಕೆಂಪು ಅಂಕಿ ಉರಿಯುವ ಡಬ್ಬಿ. ಟಗರನ್ನು ಒಳಗೆ ದಬ್ಬಿದರೆ ಅದು ಸುಮ್ಮನೆ ನಿಲ್ಲುವುದಿಲ್ಲ, ಅಂಕಿಯೂ ನಿಲ್ಲುವುದಿಲ್ಲ. ಮೂವತ್ತೊಂದು ಎನ್ನುತ್ತದೆ, ಇಪ್ಪತ್ತೆಂಟು ಎನ್ನುತ್ತದೆ, ಟಗರು ಹಿಕ್ಕೆ ಹಾಕಿದ ಮೇಲೆ ಮತ್ತೇನೋ ಎನ್ನುತ್ತದೆ. ಯಾವುದೋ ಕೇಸಿನ ಸಾಕ್ಷಿ ಹುಡುಕಿಕೊಂಡು ಹೋಗಿದ್ದ ನಾನು ಗುಂಪಿನ ಹಿಂದೆ ನಿಂತಿದ್ದೆ. ತಲೆಗೆ ಪಟಗಾ ಸುತ್ತಿದ ವ್ಯಾಪಾರಿಯೊಬ್ಬ ಪಕ್ಕದವನಿಗೆ ಹೇಳಿದ: "ಅಂವ ಇರಬೇಕಾಗಿತ್ತ ನೋಡೋ ಇವತ್ತ. ಎರಡ ಬೆರಳ ಹಚ್ಚಿ ತೂಕಾ ಹೇಳಿ, ಚಾ ಕುಡ್ದು ಎದ್ದ ಹೋಗಿರತಿದ್ದ."

'ಅಂವ' ಯಾರೆಂದು ನಾನು ಕೇಳಬೇಕಾಗಲಿಲ್ಲ. ಗೋಕಾಕದ ನಮ್ಮ ಓಣಿಯಲ್ಲಿ ಏಳು ವರ್ಷ ನಮ್ಮ ಗೋಡೆಗೆ ಗೋಡೆ ಹಚ್ಚಿ ಇದ್ದವರು ಅವರು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಹಾಗೆ ಮಾತು ಕೊಟ್ಟಿದ್ದೇನೆ; ಯಾಕೆ ಎನ್ನುವುದು ಆ ಬೆಂಚಿನ ಮಾತು ಬಂದಾಗ ತಿಳಿಯುತ್ತದೆ. ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಇಲ್ಲಿಯೂ ಅಷ್ಟೇ ಇರಲಿ.

ಕಾಕಾ ತುಕ್ಕಾನಟ್ಟಿಯ ಕುರುಬರ ಮನೆಯವರು. ಹುಟ್ಟಿದ್ದು ಹಿಂಡಿನ ಹಿಂದೆ, ಬೆಳೆದದ್ದು ಹಿಂಡಿನ ಮುಂದೆ. ಮೂಡಲಗಿ, ಹುಕ್ಕೇರಿ ಸಂತೆಗಳಲ್ಲಿ ಕುರಿ ಕೊಡಿಸುವ, ಮಾರಿಸುವ ದಲಾಲಿ ಕೆಲಸ. ನಾನು ಆಗ ಬೆಳಗಾವಿಯಲ್ಲಿ ಕಾನೂನು ಓದುತ್ತಿದ್ದೆ. ಅದಕ್ಕಿಂತ ಮುಖ್ಯ ಸಂಗತಿಯೆಂದರೆ, ಎಲ್ಲಿ ಚರ್ಚಾಸ್ಪರ್ಧೆ ಇದ್ದರೂ ಹೋಗಿ ಬಹುಮಾನದ ಢಾಲು ತರುತ್ತಿದ್ದೆ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಕಾಕಾಗೆ ಇದು ಬಗೆಹರಿಯದ ಒಗಟಾಗಿತ್ತು.

"ಅಲ್ಲವಾ ವಕೀಲವ್ವ, ನಿನಗ ಖರೇನ ಏನ ಅನಸ್ತೈತಿ ಅದನ್ನ ಹೇಳಾಂಗಿಲ್ಲಾ?"

"ಅದು ಮುಖ್ಯ ಅಲ್ರಿ ಕಾಕಾ. ಐದು ನಿಮಿಷದಾಗ ಗೆಲ್ಲೂದು ಮುಖ್ಯ."

"ಐದ ನಿಮಿಷದಾಗ ಒಂದ ಕುರಿನೂ ಮಾರಾಕ ಬರೂದಿಲ್ಲ. ನೀ ನ್ಯಾಯಾ ಹೆಂಗ ಮಾರ್ತಿ?"

ಸಂಜೆ ಅವರ ಮನೆಯ ಕಟ್ಟೆಯ ಮೇಲೆ ನಮ್ಮಿಬ್ಬರ ವಾದ ಶುರುವಾಗುತ್ತಿತ್ತು. ನಾನು ಗಟ್ಟಿ ದನಿಯಲ್ಲಿ ಒಂದನೆಯದು, ಎರಡನೆಯದು, ಮೂರನೆಯದು ಎಂದು ಬೆರಳು ಮಡಚುತ್ತಿದ್ದೆ. ಅವರು ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಕೇಳಿಸಿಕೊಳ್ಳುತ್ತಿದ್ದರು. ನನ್ನ ಮೂರೂ ಅಂಶ ಮುಗಿದ ಮೇಲೆ ಒಂದೇ ಪ್ರಶ್ನೆ: "ಕೈ ಹಚ್ಚಿ ನೋಡಿ ಏನ?" ದೇವರ ಬಗ್ಗೆ ವಾದವಿರಲಿ, ಸರಕಾರದ ಬಗ್ಗೆ ಇರಲಿ, ಹಿಡಕಲ್ ಡ್ಯಾಮಿನ ನೀರಿನ ಬಗ್ಗೆ ಇರಲಿ, ಅದೇ ಪ್ರಶ್ನೆ. ನಾನು ಕೈ ಹಚ್ಚಿ ನೋಡಿದ ವಿಷಯ ಆ ವಯಸ್ಸಿಗೆ ಒಂದೂ ಇರಲಿಲ್ಲವಾದ್ದರಿಂದ ಕಟ್ಟೆಯ ಮೇಲಿನ ಢಾಲು ಯಾವಾಗಲೂ ಅವರಿಗೇ.

ಅವರು ಕುರಿಯ ತೂಕ ಹೇಳುವುದನ್ನು ನೋಡಬೇಕಿತ್ತು. ಮುಖ ಬೇರೆಲ್ಲೋ, ಮಾತು ಯಾರೊಂದಿಗೋ. ಕೈಯನ್ನು ಮಾತ್ರ ಕುರಿಯ ಬೆನ್ನಿಗೆ ಕಳಿಸುತ್ತಿದ್ದರು. ಕೊನೆಯ ಪಕ್ಕೆಲುಬು ಮುಗಿದು ಸೊಂಟದ ಎಲುಬು ಶುರುವಾಗುವ ನಡುವೆ ಗೇಣಿಗೂ ಕಡಿಮೆ ಜಾಗವಿದೆ. ಅಲ್ಲಿ ಬೆನ್ನೆಲುಬಿನ ಆಚೆ ಹೆಬ್ಬೆರಳು, ಈಚೆ ಎರಡು ಬೆರಳು. ಎಲುಬು ಚುಚ್ಚಿತೋ, ಮಾಂಸದಲ್ಲಿ ಮುಳುಗಿತೋ, ಅದರ ಮೇಲೆ ತೂಕ. ನಾನು ನಂಬಲಿಲ್ಲ. ಉಳ್ಳಾಗಡ್ಡಿ ಅಂಗಡಿಯಿಂದ ಕಾಟಾ ತರಿಸಿ ಮೂರು ಕುರಿ ತೂಗಿಸಿದೆ. ಎರಡು ಸರಿ ಬಂದವು, ಮೂರನೆಯದರಲ್ಲಿ ಅರ್ಧ ಕಿಲೋ ತಪ್ಪು. ನಾನು ಚಪ್ಪಾಳೆ ತಟ್ಟಿದೆ. ಕಾಕಾ ಎದ್ದು ಹೋಗಿ ಆ ಕುರಿಯ ಉಣ್ಣೆಯನ್ನು ಮುಷ್ಟಿಯಲ್ಲಿ ಹಿಂಡಿದರು. ಬೆಳಗಿನ ಮಳೆಯ ನೀರು ಅವರ ಮೊಣಕೈವರೆಗೆ ಇಳಿಯಿತು.

"ಕಾಟಾ ಸುಳ್ಳ ಹೇಳೂದಿಲ್ಲವಾ," ಎಂದರು, "ಆದ್ರ ಮಾಂಸ ಎಷ್ಟು, ನೀರ ಎಷ್ಟು, ಅದನ್ನ ಹೇಳೂದಿಲ್ಲ."

ನೀರಿನ ಮಾತಿಗೆ ಅವರದೊಂದು ಹುಕ್ಕೇರಿ ಸಂತೆಯ ಕಥೆ ಇತ್ತು. ಕೆಲವರು ಸಂತೆಯ ಹಿಂದಿನ ದಿನ ಕುರಿಗೆ ಉಪ್ಪು ನೆಕ್ಕಿಸುತ್ತಾರೆ. ಬೆಳಿಗ್ಗೆ ಅದು ಬಕೆಟ್ಟುಗಟ್ಟಲೆ ನೀರು ಕುಡಿದು ತುಂಬಿಕೊಂಡು ನಿಲ್ಲುತ್ತದೆ. ಕೊಂಡವನು ಮನೆಗೆ ಮುಟ್ಟುವುದರೊಳಗೆ ಕುರಿ ಇಳಿದಿರುತ್ತದೆ. ಅಂಥ ಟಗರೊಂದನ್ನು ಒಬ್ಬ ಹಿರಿಯ ರೈತ ತಂದಿದ್ದರಂತೆ. ಕಾಕಾ ಕೈ ಹಚ್ಚಿದ ತಕ್ಷಣ ತಿಳಿಯಿತು. ನಾನಾಗಿದ್ದರೆ ಸಂತೆಯನ್ನೆಲ್ಲ ಕೂಡಿಸಿ ಭಾಷಣ ಬಿಗಿಯುತ್ತಿದ್ದೆ. ಕಾಕಾ ಮಾತ್ರ "ಬರ್ರಿ, ಚಾ ಕುಡಿಯೂಣು" ಎಂದು ಕೂರಿಸಿಕೊಂಡರು. ಮಗಳ ಮದುವೆ ಎಲ್ಲಿಗೆ ಬಂತು ಎಂದರು. ಕಬ್ಬಿಗೆ ಗೊಣ್ಣೆಹುಳ ಬಿದ್ದಿದೆಯೇ ಎಂದರು. ಟಗರು ಒಂದು ಸಲ ಉಚ್ಚೆ ಹೊಯ್ದಿತು. ಎರಡನೆಯ ಚಾ ಬಂತು. ಟಗರು ಎರಡನೆಯ ಸಲ ಹೊಯ್ದಿತು. ಮೂರನೆಯದೂ ಮುಗಿದ ಮೇಲೆ ಕಾಕಾ ಪಂಚೆ ಕೊಡವಿಕೊಂಡು ಎದ್ದು, "ಈಗ ಮಾತಾಡೂಣೇನ್ರಿ?" ಎಂದರು. ಆ ರೈತ ತಲೆ ತಗ್ಗಿಸಿ ನಕ್ಕುಬಿಟ್ಟರಂತೆ.

"ಅಂವಗ ಕಳ್ಳ ಅಂದಿದ್ರ ಮುಂದಿನ ಸಂತಿಗಿ ಬರತಿದ್ದಿಲ್ಲ," ಎಂದು ಕಾಕಾ ಕಥೆ ಮುಗಿಸುತ್ತಿದ್ದರು. "ಈಗ ವರ್ಷಾ ಬರತಾನ. ಒಣಾ ಕುರಿ ತರತಾನ."

ಒಂದು ಬೇಸಿಗೆಯಲ್ಲಿ ಕಾಕಾಗೆ ರೊಟ್ಟಿ ಎದೆಯಲ್ಲಿ ನಿಲ್ಲತೊಡಗಿತು. ಮೊದಲು ಬಿಸಿ ನೀರು, ಆಮೇಲೆ ಸೋಡಾ, ಆಮೇಲೆ ಬರೀ ಗಂಜಿ. ಬೆಳಗಾವಿಯಲ್ಲಿ ಕೊಳವೆ ಇಳಿಸಿ ನೋಡಿದರು. ರಿಪೋರ್ಟನ್ನು ಕಾಕಾ ನನ್ನ ಕೈಗೆ ಕೊಟ್ಟರು: "ನೀನ ಓದು. ನೀ ಸುಳ್ಳ ಹೇಳಿದ್ರೂ ಐದ ನಿಮಿಷಕ್ಕಷ್ಟ." ನಾನು ಓದಿದೆ. ಅನ್ನನಾಳದ ಕ್ಯಾನ್ಸರ್. ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾಕಾ "ರೊಟ್ಟಿದ ತಪ್ಪಲ್ಲ ಹಂಗಾರ" ಎಂದು ಕಾಕುವಿನ ಕಡೆ ನೋಡಿದರು. ತಿಂಗಳುಗಟ್ಟಲೆ ಅವರ ರೊಟ್ಟಿ ಗಟ್ಟಿಯೆಂದು ದೂರಿದ್ದಕ್ಕೆ ಅದು ಕ್ಷಮಾಪಣೆಯಾಗಿತ್ತು.

ಡಾಕ್ಟರರು ಹೇಳಿದ ದಾರಿ ಸ್ಪಷ್ಟವಿತ್ತು. ಮೊದಲು ಕಿಮೋ ಮತ್ತು ರೇಡಿಯೇಶನ್. ಅದಾಗಿ ಆರು ವಾರಕ್ಕೆ ದೊಡ್ಡ ಆಪರೇಶನ್. ರೇಡಿಯೇಶನ್ನಿಗೆ ನಮ್ಮ ಕಡೆ 'ಕರೆಂಟ್' ಎನ್ನುತ್ತಾರೆ. ಐದು ವಾರ ಕರೆಂಟ್ ಹಾಯಿಸಿಕೊಳ್ಳಲು ಕಾಕಾ, ಕಾಲೇಜಿಗೆ ನಾನು, ಇಬ್ಬರೂ ಬೆಳಗಿನ ಒಂದೇ ಬಸ್ಸು. ಎದೆಯ ಮೇಲೆ ಕರೆಂಟ್ ಬೀಳುವ ಜಾಗಕ್ಕೆ ಬಣ್ಣದ ಗುರುತು ಹಾಕಿದ್ದರು. ಅಂಗಿಯ ಗುಂಡಿ ಬಿಚ್ಚಿ ಬಸ್ಸಿನಲ್ಲಿ ತೋರಿಸಿದರು: "ನಾ ಇಷ್ಟ ವರ್ಷ ಕುರಿಗಿ ಗುರ್ತಾ ಹಾಕಿದೆ. ಈಗ ನಾ ಯಾರ ಹಿಂಡಿನಾಂವ ಅಂತ ನನಗ ಹಾಕ್ಯಾರ ನೋಡು." ಕೂದಲು ಉದುರಿದಾಗ, "ಉಣ್ಣಿ ಕತ್ತರಿಸ್ಯಾರ, ದೀಪಾವಳಿಗಿ ಮತ್ತ ಬರತೈತಿ" ಎಂದರು. ಪಟಗಾ ಸಡಿಲವಾಗಿ ಕಣ್ಣಿಗೆ ಜಾರುತ್ತಿತ್ತು. ಅದನ್ನು ಬಿಡಲಿಲ್ಲ, ಒಳಗೊಂದು ಟವೆಲ್ಲು ತುರುಕಿಕೊಂಡರು.

ಆಗಲೇ ಮೇಲವಂಕಿಯ ಬೀಗರು ಒಂದು ಬಾಟಲಿ ಹಸಿರು ಕಷಾಯ ತಂದರು. ಇದನ್ನು ಕುಡಿದರೆ ಕೊಯ್ಯುವುದೇ ಬೇಡ ಎಂದರು. ನಾನು ಅಲ್ಲೇ ಸೊಂಟ ಕಟ್ಟಿ ನಿಂತೆ. ಪುರಾವೆ ಏನು, ಯಾರಿಗೆ ವಾಸಿಯಾಗಿದೆ, ಅವರ ರಿಪೋರ್ಟ್ ಎಲ್ಲಿ? ಬೀಗರ ಮುಖ ಕೆಂಪಾಯಿತು. ಕಾಕಾ ಬಾಟಲಿಯನ್ನು ಎರಡೂ ಕೈಯಿಂದ ಇಸಿದುಕೊಂಡು, "ಭಾಳ ದೂರದಿಂದ ತಂದೀರಿ" ಎಂದು ಪಕ್ಕಕ್ಕಿಟ್ಟರು. ಅವರು ಹೋದ ಮೇಲೆ ಹಿತ್ತಲಲ್ಲಿ ಎರಡು ಬದನೆ ಸಸಿ ಆರಿಸಿ, ಒಂದಕ್ಕೆ ಕಷಾಯ, ಇನ್ನೊಂದಕ್ಕೆ ಬರೀ ನೀರು ಹಾಕತೊಡಗಿದರು. ಎಂಟು ದಿನಕ್ಕೆ ಕಷಾಯದ ಸಸಿ ಬಾಡಿತು. "ಬದನಿಕಾಯಿಗಿ ಕ್ಯಾನ್ಸರ್ ಇದ್ದಿದ್ದಿಲ್ಲ, ಅದಕ್ಕ ಸತ್ತಿರಬೇಕು," ಎಂದು ಕಣ್ಣು ಹೊಡೆದರು. ಕಷಾಯವನ್ನು ಮುಟ್ಟಲಿಲ್ಲ. ಬೀಗರ ಮನಸ್ಸೂ ನೋಯಲಿಲ್ಲ. ನನ್ನ ಮೂರು ಅಂಶಗಳಿಂದ ಎರಡೂ ಆಗುತ್ತಿರಲಿಲ್ಲ.

ಕರೆಂಟ್ ಮುಗಿದ ದಿನ ಸರ್ಜನ್ ಬಾಯಾರು, ಎಂದರೆ ಡಾಕ್ಟರಮ್ಮ, ಎದುರಿಗೆ ಕೂರಿಸಿಕೊಂಡು ವಿವರಿಸಿದರು. ಅನ್ನನಾಳ ತೆಗೆದು, ಜಠರವನ್ನೇ ಕೊಳವೆಯಂತೆ ಮಾಡಿ ಮೇಲಕ್ಕೆಳೆದು ಕೊರಳಿಗೆ ಜೋಡಿಸುತ್ತಾರೆ. ಇಡೀ ದಿನದ ಆಪರೇಶನ್.

"ಹೊಟ್ಟೀನ್ನ ಎದಿಯಾಗ ತರತೀರಿ ಅಂದ್ರ, ಹಸಿವು ಎಲ್ಲಿ ಆಕ್ಕತಿ ಬಾಯಾರ?"

"ಅದನ್ನ ಆಮ್ಯಾಲ ನೀವ ನಮಗ ಹೇಳ್ರಿ," ಎಂದರು ಅವರು. "ಮೊದಲ ಮೂರ ಕೆಲಸ ಮಾಡ್ಕೊಂಡ ಬರ್ರಿ. ತೂಕ ಐವತ್ತ ಆಗಬೇಕು. ಈ ಡಬ್ಬಿಯಾಗ ಮೂರೂ ಗೋಲಿ ಏಳಬೇಕು. ದಿನಾ ಅರ್ಧಾ ತಾಸು ನಡೀಬೇಕು. ತಂಬಾಕ ಅಂತೂ ಇವತ್ತಿಂದ ಬಂದ್."

ಕಾಕಾ ಆಗ ನಲವತ್ತಾರು ಕಿಲೋ ಇದ್ದರು. ಮೂಗಿನಿಂದ ಸಣ್ಣ ನಳಿಗೆ ಹಾಕಿದ್ದರು. ಎರಡು ತಾಸಿಗೊಮ್ಮೆ ಕಾಕು ಅದರಲ್ಲಿ ಹಾಲು, ಸೋಸಿದ ಗಂಜಿ, ಮೊಟ್ಟೆಯ ಬಿಳಿ, ಡಬ್ಬಿಯ ಪುಡಿ ಇಳಿಸಬೇಕು. "ಏನ ಹಾಕಿದಿ?" ಎಂದು ಕಾಕಾ ಕೇಳುವುದು, "ಹೋಳಗಿ" ಎಂದು ಕಾಕು ಹೇಳುವುದು, "ತುಪ್ಪಾ ಕಡಿಮಿ ಆಗೈತಿ" ಎಂದು ಕಾಕಾ ದೂರುವುದು. ಗೋಲಿಯ ಡಬ್ಬಿ ಎಂದರೆ ಉಸಿರು ಒಳಗೆಳೆದರೆ ಒಂದೊಂದಾಗಿ ಮೇಲೇರುವ ಮೂರು ಪ್ಲಾಸ್ಟಿಕ್ ಗೋಲಿಗಳು. ಮೊದಲನೆಯದು ಏಳುತ್ತಿತ್ತು, ಎರಡನೆಯದು ನಡುಗುತ್ತಿತ್ತು, ಮೂರನೆಯದು ಮಲಗೇ ಇರುತ್ತಿತ್ತು. "ಇದೊಂದು ಮುದಿ ಟಗರು, ಏಳವಲ್ದು," ಎಂದು ಅದನ್ನು ಬೈಯುತ್ತಿದ್ದರು. ತಂಬಾಕು ಬಿಟ್ಟರೂ ಹೆಬ್ಬೆರಳು ಬಿಡಲಿಲ್ಲ. ಖಾಲಿ ಅಂಗೈ ತಿಕ್ಕಿ, ಖಾಲಿ ಚಿಟಿಕೆಯನ್ನು ಕಟ್ಟೆಗೆ ಬಂದವರ ಮುಂದೆ ಹಿಡಿಯುತ್ತಿದ್ದರು. ಬಂದವರು ಅದನ್ನು ಗಂಭೀರವಾಗಿ ಇಸಿದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಮ್ಮ ಓಣಿ ಅಷ್ಟರ ಮಟ್ಟಿಗೆ ಒಳ್ಳೆಯದು.

ಆರು ವಾರ ತುಂಬಿತು. ತೂಕ ನೋಡಿ ಆಪರೇಶನ್ನಿನ ದಿನ ಗಟ್ಟಿ ಮಾಡುವ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಕಳಿಸಲು ಬಂದ ಕಾಕು ನನ್ನ ಕಿವಿಯಲ್ಲಿ ಹೇಳಿದರು: "ಇವತ್ತ ಸ್ಕ್ಯಾನಿಂಗ ಐತೆಂತ ನೀರ ಭಾಳ ಹಾಕಿಸ್ಕೊಂಡಾರವಾ. ನಾಕ ತಂಬಗಿ! ಹಾದ್ಯಾಗ ತ್ರಾಸ ಆದ್ರ ನೋಡ್ಕೊ." ಸ್ಕ್ಯಾನಿಂಗ್ ಇರಲಿಲ್ಲ. ಚೀಟಿ ನನ್ನ ಬಳಿಯೇ ಇತ್ತು. ಬಸ್ಸಿನಲ್ಲಿ ಕಾಕಾ ಎರಡೂ ಕೈಯಿಂದ ಮುಂದಿನ ಸೀಟಿನ ಸರಳು ಹಿಡಿದು ಕುಳಿತಿದ್ದರು. ರಸ್ತೆಯ ಪ್ರತಿ ಉಬ್ಬಿಗೂ ಕಣ್ಣು ಮುಚ್ಚುತ್ತಿದ್ದರು. ಹೊಟ್ಟೆ ಅಂಗಿಯನ್ನು ಮುಂದಕ್ಕೆ ತಳ್ಳಿತ್ತು. ಸಾಲದ್ದಕ್ಕೆ ಅವರ ಚೀಲದಲ್ಲಿ ಒಂದು ಬಾಟಲಿ ಮಜ್ಜಿಗೆ. ಮುಚ್ಚಳ ತೆಗೆದು ನಾಲಿಗೆಗೆ ಹಚ್ಚಿ ನೋಡಿದೆ. ಕಟು ಉಪ್ಪು.

ನನ್ನ ಮೊದಲ ಯೋಚನೆ ಹಳೆಯದೇ. ಒಂದನೆಯದು, ಇದು ಮೋಸ. ಎರಡನೆಯದು, ಮೋಸ ಯಾರಿಗೆ? ನಿಮಗೇ. ಮೂರನೆಯದನ್ನು ಹೊಂದಿಸುವಷ್ಟರಲ್ಲಿ ಆಸ್ಪತ್ರೆ ಬಂತು. ಪಡಸಾಲೆಯ ಬೆಂಚಿನ ಮೇಲೆ ಕುಳಿತೆವು. ಇಪ್ಪತ್ತು ಹೆಜ್ಜೆ ಆಚೆ ಕಾಟಾ. ನಮ್ಮ ಮುಂದೆ ಇಬ್ಬರೇ. ಕಾಕಾ ತೊಡೆಗೆ ತೊಡೆ ಅವಚಿಕೊಂಡು ಕಾಟಾವನ್ನೇ ನೋಡುತ್ತಿದ್ದರು. ಆಗ ನನಗೆ ಹುಕ್ಕೇರಿಯ ಆ ಹಿರಿಯ ರೈತ ನೆನಪಾದರು. ನಮ್ಮ ಟೋಕನ್ನನ್ನು ಹಿಂದಿದ್ದ ಅಜ್ಜಿಗೆ ಕೊಟ್ಟು ಅವರದನ್ನು ಇಸಿದುಕೊಂಡೆ. ಆಮೇಲೆ ಆರಾಮಾಗಿ ಬೆನ್ನು ಆನಿಸಿ ಹೇಳಿದೆ:

"ಕಾಕಾ, ನೀವು ಏನ ಅನ್ರಿ. ಕುರಿಗಿಂತ ಆಡು ಶ್ಯಾಣ್ಯಾ ಪ್ರಾಣಿ."

ಅವರು ನಿಧಾನಕ್ಕೆ ತಿರುಗಿದರು. "ಯಾರ ಹೇಳಿದ್ರ ನಿನಗ?"

"ಎಲ್ಲಾರೂ ಅಂತಾರ. ಕುರಿ ಒಂದರ ಹಿಂದ ಒಂದ ಹೋಗತೈತಿ. ಆಡು ಸ್ವಂತ ವಿಚಾರ ಮಾಡತೈತಿ."

"ವಿಚಾರ ಮಾಡಿ ಏನ ಕಡದೈತಿ? ಮಂದಿ ಬೇಲಿ ತಿಂದೈತಿ! ಕುರಿ ನೋಡು, ಇನ್ನೂರ ಮರಿಯಾಗ ಕಣ್ಣ ಮುಚ್ಚಿ ತನ್ನ ಮರಿ ಹುಡಕತೈತಿ. ತಡಿ, ಬಂದೆ." ಎದ್ದು ಹೋದರು. ಬಂದರು. ಕುಳಿತುಕೊಳ್ಳುವ ಮೊದಲೇ ಮಾತು ಮುಂದುವರಿಸಿದರು: "ಮಳಿ ಬರೂದು ಯಾರಿಗಿ ಮೊದಲ ಗೊತ್ತಾಕ್ಕತಿ? ಆಡಿಗೇನು?"

"ಆಡು ಮಳಿ ಬಂದ ಕೂಡಲೇ ಸೂರಿನ ಕೆಳಗ ಓಡತೈತಲ್ರಿ. ಕುರಿ ತೊಯಿಸಿಕೊಂಡ ನಿಲ್ಲತೈತಿ."

"ಅದಕ್ಕ ಉಣ್ಣಿ ಐತಿ, ನಿಲ್ಲತೈತಿ! ಆಡಿಗಿ ಏನೈತಿ? ಗಡ್ಡಾ!" ಮತ್ತೆ ಎದ್ದರು. ಮೂಗಿನ ನಳಿಗೆ ಹಿಡಿದುಕೊಂಡು ಓಡುವ ನಡಿಗೆ. ನಾನು ಇನ್ನೊಬ್ಬರಿಗೆ ಟೋಕನ್ ಬದಲಿಸಿದೆ. ವಾದ ಗಡ್ಡದಿಂದ ಹಾಲಿಗೆ, ಹಾಲಿನಿಂದ ಗೊಬ್ಬರಕ್ಕೆ ಹೋಯಿತು. ಪಕ್ಕದ ಬೆಂಚಿನವರೂ ಕುರಿಯ ಪರವಾಗಿ ಸೇರಿಕೊಂಡರು. ನಾನು ಒಬ್ಬಳೇ ಆಡಿನ ಕಡೆ. ಕಾಕಾ ಮೂರನೆಯ ಸಲ ಹೋಗಿ, ಹಗುರಾಗಿ, ಗೆದ್ದವರ ಮುಖ ಹೊತ್ತು ಬಂದು ಕುಳಿತರು.

ನಾನು ದುಪಟ್ಟಾ ಕೊಡವಿಕೊಂಡು ಎದ್ದೆ. "ಈಗ ತೂಗೂಣೇನ್ರಿ, ಕಾಕಾ?"

ಅವರು ನನ್ನನ್ನು ನೋಡಿದರು. ಕಾಟಾವನ್ನು ನೋಡಿದರು. ಶೌಚಾಲಯದ ಬಾಗಿಲನ್ನು ನೋಡಿದರು. ಆಮೇಲೆ ಶುರುವಾಯಿತು ನಗು. ಪಟಗಾ ಜಾರಿ ಮಡಿಲಿಗೆ ಬಿತ್ತು, ಒಳಗಿನ ಟವೆಲ್ಲು ನೆಲಕ್ಕೆ ಬಿತ್ತು. "ಹುಕ್ಕೇರಿ ಸಂತಿ!" ಎಂದರು ಕೆಮ್ಮುತ್ತ. "ನನ್ನ ಔಷಧ ನನಗ ಹಾಕಿದೆಲ್ಲೇ, ಭಂಡಿ!"

ನಗು ಇಳಿದ ಮೇಲೆ ಬೋಳು ತಲೆಯನ್ನು ಸವರಿಕೊಂಡು ಸಣ್ಣ ದನಿಯಲ್ಲಿ ಹೇಳಿದರು: "ಎರಡ ಕಿಲೋ ಕಡಿಮಿ ಐತವಾ. ಒಲ್ಲೆ ಅಂದ್ರ ತಾರೀಖ ತಪ್ಪತೈತಿ. ತಪ್ಪಿದ್ರ ಒಳಗಿಂದು ಮತ್ತ ಬೆಳೀತೈತಿ ಅಂತ ಅಂಜಿಕಿ ಆತು." ಅವರ ಬಾಯಲ್ಲಿ ಅಂಜಿಕೆ ಎಂಬ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಟವೆಲ್ಲು ಎತ್ತಿ, ಕೊಡವಿ ಕೊಟ್ಟೆ.

"ಸಂತ್ಯಾಗ ಯಾರಿಗೂ ಗೊತ್ತಾಗಬಾರದ ನೋಡು," ಎಂದರು. "ನೀರ ಕುಡದ ಕುರಿ ಹಿಡಿಯಾಂವ ತಾನ ನೀರ ಕುಡ್ದು ಸಿಕ್ಕಾನಂದ್ರ ಪಟಗಾ ಸುತ್ಕೊಂಡ ಸಂತಿಗಿ ಹೋಗಾಕ ಮಾರಿ ಉಳಿಯೂದಿಲ್ಲ." ನಾನು ಮಾತು ಕೊಟ್ಟದ್ದು ಆಗಲೇ.

ತೂಕ ನಲವತ್ತೇಳೂ ಮುಕ್ಕಾಲು. ಕಾಕಾ ತಾವೇ ಬಾಯಾರಿಗೆ ಎಲ್ಲ ಹೇಳಿದರು, ಉಪ್ಪು ಮಜ್ಜಿಗೆಯ ಸಮೇತ. ಅವರು ಪೆನ್ನು ಕೆಳಗಿಟ್ಟರು. "ಹೊಲಿಗಿ ಹಿಡಿಯೂದು ಮಾಂಸ ಕಾಕಾ, ನೀರಲ್ಲ. ನೀರಿನ ತೂಕ ನಂಬಿ ನಾ ಒಳಗ ಕೈ ಹಾಕಿದ್ರ ಆ ಜೋಡಣಿ ಬಿಟ್ಟುಹೋಗಬಹುದು. ಆಗ ನಿಮ್ಮನ್ನ ಹೊರಗ ತರೂದು ನನಗ ಕಷ್ಟ." ಆಮೇಲೆ ಕ್ಯಾಲೆಂಡರ್ ತಿರುವಿದರು. "ಇನ್ನೆರಡು ವಾರ ಕೊಡತೇನಿ. ಅಷ್ಟರಾಗ ಅದು ಬೆಳದಬಿಡೂದಿಲ್ಲ, ಆ ಚಿಂತಿ ನನಗ ಬಿಡ್ರಿ. ಅದಕ್ಕಿಂತ ಮುಂದ ಮಾತ್ರ ತಳ್ಳಾಕ ಬರೂದಿಲ್ಲ."

ಆ ಎರಡು ವಾರ ನಮ್ಮ ಓಣಿ ಕಂಡ ದುಡಿಮೆಯೇ ಬೇರೆ. ಕಾಕಾ ಕಾಟಾ ಬೇಡವೆಂದರು. ಪ್ರತಿ ಬೆಳಿಗ್ಗೆ ಕಟ್ಟೆಯ ಮೇಲೆ ಬೆನ್ನು ಮಾಡಿ ಕುಳಿತು, "ಹಚ್ಚು ಕೈ" ಎನ್ನುತ್ತಿದ್ದರು. ಕಾಕು ಕೊನೆಯ ಪಕ್ಕೆಲುಬಿನ ಕೆಳಗೆ ಎರಡು ಬೆರಳು ಒತ್ತುತ್ತಿದ್ದರು. ಅವರೂ ಕುರಿ ಕಾಯ್ದ ಮನೆಯ ಮಗಳೇ. ಕೈ ಗಂಡನಿಗಿಂತ ಖಡಕ್ಕು.

"ಇನ್ನೂ ಎಲುಬ ಚುಚ್ಚತಾವ."

"ಸರಿಯಾಗಿ ನೋಡ. ನಿನ್ನಿಗಿಂತ ಮೆತ್ತಗಿಲ್ಲಾ?"

"ಸಂತ್ಯಾಗ ನಿಮ್ಮನ್ನ ಯಾರೂ ತಗೊಳ್ಳಾಂಗಿಲ್ಲ. ಕುಂದರ್ರಿ, ಗಂಜಿ ಹಾಕತೇನಿ."

ದಿನದ ನಡಿಗೆ ಮೊದಲು ಮನೆಯಿಂದ ಹೊಳೆಯ ಸೇತುವೆವರೆಗೆ, ಆಮೇಲೆ ಸೇತುವೆ ದಾಟಿ ಆಚೆ ಕೊನೆಯವರೆಗೆ. ನಡೆಯುತ್ತ ನಾನು ಆಡಿನ ಪರ ಒಂದು ಮಾತು ಆಡಿದರೆ ಸಾಕು, ಅವರ ಕಾಲುಗಳು ಬಿರುಸಾಗುತ್ತಿದ್ದವು. ಹತ್ತನೆಯ ದಿನ ಮೂರನೆಯ ಗೋಲಿ ಎದ್ದಿತು. ಕಾಕಾ ಡಬ್ಬಿ ಹಿಡಿದುಕೊಂಡು ಮನೆಮನೆಗೆ ಹೋಗಿ ಎಬ್ಬಿಸಿ ತೋರಿಸಿದರು. ಹನ್ನೆರಡನೆಯ ದಿನ ಕಾಕು ಬೆನ್ನಿನ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ತೆಗೆಯಲಿಲ್ಲ. "ಬೆರಳ ಮುಳಗಾಕತ್ತೈತಿ," ಎಂದರು.

ಕೊನೆಯ ಬೆಳಿಗ್ಗೆ ಕಾಕುವೂ ಜೊತೆಗೆ ಬಂದರು. ಕಾಟಾ ನಲವತ್ತೊಂಬತ್ತೂ ಕಾಲು ತೋರಿಸಿತು. ಐವತ್ತಲ್ಲ. ಕಾಕಾ ನನ್ನ ಕಡೆ ತಿರುಗಲಿಲ್ಲ. ಬಾಯಾರ ಮುಂದೆ ನಿಂತು ಅಂಗಿ ಎತ್ತಿ ಬೆನ್ನು ಮಾಡಿದರು: "ಕಾಟಾ ಬಿಡ್ರಿ. ಕೈ ಹಚ್ಚಿ ನೋಡ್ರಿ."

ಕೋಣೆಯಲ್ಲಿದ್ದ ಸಿಸ್ಟರ್ ನಗು ತಡೆದುಕೊಂಡರು. ಬಾಯಾರು ಮಾತ್ರ ನಗಲಿಲ್ಲ. ಎದ್ದು ಬಂದು ಬೆನ್ನ ಮೇಲೆ ಬೆರಳೊತ್ತಿದರು, ತೋಳಿನ ಸ್ನಾಯು ಹಿಡಿದು ನೋಡಿದರು. ತಮ್ಮ ಎರಡು ಬೆರಳು ಕೊಟ್ಟು "ಹಿಚಕ್ರಿ" ಎಂದರು. ಹಿಚುಕಿದ ಮೇಲೆ ಬೆರಳು ಕೊಡವಿಕೊಂಡರು. ಆಮೇಲೆ ಅವರನ್ನು ಮುಂದೆ ಮಾಡಿ ಮೂರು ಮಹಡಿ ಮೆಟ್ಟಿಲು ಹತ್ತಿಸಿದರು. ನಾನೂ ಕಾಕುವೂ ಹಿಂದೆ. ಮೇಲೆ ಮುಟ್ಟಿದಾಗ ಏದುಸಿರು ಬಿಡುತ್ತಿದ್ದವಳು ನಾನು.

"ನಾವೂ ಕೈಲೆನ ನೋಡತೇವಿ ಕಾಕಾ," ಎಂದರು ಬಾಯಾರು. "ಇದು ಖರೇ ತೂಕ. ನಾಳೆ ಭರ್ತಿ ಆಗ್ರಿ."

ಆಪರೇಶನ್ನಿನ ದಿನ ಗಾಲಿ ಮಂಚದ ಮೇಲೆ ಮಲಗಿಸಿಕೊಂಡು ಹೋಗುವಾಗ ಕಾಕಾ ಖಾಲಿ ಅಂಗೈ ತಿಕ್ಕಿ ಒಂದು ಚಿಟಿಕೆ ನನಗೆ ಕೊಟ್ಟರು. "ನಾ ಹೊರಗ ಬರೂತನಕ ಇಟಗೊ," ಎಂದರು. ಅಂಥದನ್ನೆಲ್ಲ ನಾನು ನಂಬುವವಳಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಮುಷ್ಟಿ ಬಿಚ್ಚದೆ ಕುಳಿತದ್ದು ಚಳಿಗೆ ಎಂದು ಕಾಕುವಿಗೆ ಹೇಳಿದೆ. ಕಾಕು "ಹೂಂ" ಎಂದರು. ಎಸಿ ಇರಲಿಲ್ಲ.

ಸಂಜೆ ಬಾಯಾರು ಬಂದು ಜೋಡಣೆ ಚೆನ್ನಾಗಿ ಕೂತಿದೆ ಎಂದರು. ಹದಿನೇಳು ದಿನಕ್ಕೆ ಕಾಕಾ ಓಣಿಗೆ ಮರಳಿದರು. ಮುಂದಿನ ವರ್ಷ ತುಕ್ಕಾನಟ್ಟಿಗೆ, ತಮ್ಮಂದಿರ ಹಿಂಡಿನ ಹತ್ತಿರ ಹೋದರು. ಸಂತೆ ಬಿಟ್ಟರು. ನಾನು ವಕೀಲೆಯಾಗಿ ಹುಕ್ಕೇರಿಯ ಕೋರ್ಟಿಗೆ ಹೋದೆ. ಎದುರಿನ ಸಾಕ್ಷಿ ಸುಳ್ಳು ಹೇಳುತ್ತಿದ್ದಾನೆ ಎನಿಸಿದಾಗ ಅವನ ಮೇಲೆ ಎಗರುವುದನ್ನು ಈಗ ಬಿಟ್ಟಿದ್ದೇನೆ. ಕಬ್ಬು ಹೇಗಿದೆ ಎಂದು ಕೇಳುತ್ತೇನೆ. ಮಗಳ ಮದುವೆ ಎಲ್ಲಿಗೆ ಬಂತು ಎನ್ನುತ್ತೇನೆ. ಕಾಯುತ್ತೇನೆ.

ನನಗೆ ಕಾಕಾ ನೆನಪಾಗುವುದು ಮಾತ್ರ ಆಪರೇಶನ್ನಾಗಿ ಮೂರು ತಿಂಗಳಿನ ತಪಾಸಣೆಯ ದಿನ ಕಂಡ ಹಾಗೆ. ಮೂಗಿನ ನಳಿಗೆ ಹೋಗಿತ್ತು. ತಲೆಯ ಮೇಲೆ ಬಿಳಿ ಕೂದಲು ಮೊಳೆತಿತ್ತು. ಬಸ್ಸಿನಲ್ಲಿ ಅರ್ಧ ಇಡ್ಲಿಯನ್ನು ಅರ್ಧ ತಾಸು ಅಗಿದು ತಿಂದಿದ್ದರು. ಅದೇ ಪಡಸಾಲೆ, ಅದೇ ಬೆಂಚು, ಅದೇ ಕಾಟಾ. ಸಿಸ್ಟರ್ ಹೆಸರು ಕೂಗಿ, "ಬರ್ರಿ, ಹತ್ತರಿ" ಎಂದರು. ಕಾಕಾ ಚಪ್ಪಲಿ ಬಿಟ್ಟು, ಪಟಗಾ ತೆಗೆದು ನನ್ನ ಕೈಗಿಟ್ಟು ಕಾಟಾದವರೆಗೆ ನಡೆದರು. ಒಂದು ಕಾಲು ಮೇಲಿಟ್ಟರು. ಆಮೇಲೆ ಏನೋ ನೆನಪಾದವರಂತೆ ಕೆಳಗಿಟ್ಟರು.

"ತಡೀರಿ ಸಿಸ್ಟರ್," ಎಂದು ನನ್ನ ಕಡೆ ನೋಡಿದರು, "ಮೊದಲ ಒಂದ ಸಲ ಹೋಗಿ ಬರತೇನಿ."